ಪೆಡಲಿನ ಮೇಲೆ ಕಾಲು

ತಗಡು ಒತ್ತುವ ಪ್ರೆಸ್ ಯಂತ್ರದ ಪೆಡಲಿನ ಮೇಲೆ ಫಿಟ್ಟರನ ಕಾಲಿತ್ತು. ಯಂತ್ರದ ಬಾಯೊಳಗೆ ಅವನ ಹೆಂಡತಿಯ ಎಡಗೈ. ಎರಡು ವರ್ಷದ ಹಿಂದೆ ಇಂಥದ್ದೇ ಯಂತ್ರ ಅವಳ ಬಲಗೈಯ ಎರಡು ಬೆರಳು ತಿಂದುಹಾಕಿತ್ತು. ಕೈ ಒಳಗಿದ್ದರೆ ಯಂತ್ರವನ್ನು ತಟ್ಟನೆ ನಿಲ್ಲಿಸುವ ಸಾಧನವೊಂದನ್ನು ಮಾಡಿಯೇ ತೀರುತ್ತೇನೆಂದು ಅವನು ಅಂದಿನಿಂದ ಹಟ ಹಿಡಿದಿದ್ದ. ಸರ್ಕಾರದ ಕೈಗಾರಿಕಾ ಸಂಶೋಧನಾ ನಿಧಿ ಒಂದು ವರ್ಷ ನೆರವು ಕೊಟ್ಟಿತ್ತು. ಅದು ಮುಂದುವರಿಯುವುದೋ ಇಲ್ಲವೋ ಎಂಬುದು ಇವತ್ತಿನ ಪರೀಕ್ಷೆಯ ಮೇಲೆ ನಿಂತಿತ್ತು.

ಕೈಯ ಬದಲು ಸೌತೆಕಾಯಿ ಇಟ್ಟಾಗ ನಲವತ್ತು ಸಲವೂ ಯಂತ್ರ ನಿಂತಿತ್ತು. “ಕೈ ಇಟ್ಟು ನೋಡಿದ್ದೀರಾ?” ಎಂದು ನಿಧಿಯ ಹಿರಿಯ ಅಧಿಕಾರಿಣಿ ಕೇಳಿದ್ದೇ ತಡ, ಹೆಂಡತಿ ಮುಂದೆ ಬಂದು ಕೈ ಚಾಚಿಬಿಟ್ಟಿದ್ದಳು. ಅಧಿಕಾರಿಣಿ ಗಾಬರಿಯಿಂದ ಕುರ್ಚಿ ಬಿಟ್ಟು ಎದ್ದರು.

“ಒತ್ರೀ ಸುಮ್ನೆ,” ಎಂದು ಹೆಂಡತಿ ನಕ್ಕಳು. “ಸೌತೆಕಾಯಿಗಿರೋ ಧೈರ್ಯ ನಂಗಿಲ್ವಾ?”

ಅವನು ಕಾಲನ್ನು ಹಿಂದಕ್ಕೆ ತೆಗೆದುಕೊಂಡ. “ಆಗಲ್ಲ ಮೇಡಂ. ನಲವತ್ತೊಂದನೇ ಸಲದ ಮೇಲೆ ನಂಗೇ ನಂಬಿಕೆ ಇಲ್ಲ. ಏನ್ ಬೇಕಾದ್ರೂ ಬರ್ಕೊಳ್ಳಿ.”

ಅಧಿಕಾರಿಣಿ ಏನನ್ನೂ ಬರೆದುಕೊಳ್ಳಲಿಲ್ಲ. ಅವನ ಹೆಂಡತಿಯ ಕೈಯನ್ನು ಮೆಲ್ಲಗೆ ಹೊರಗೆ ತಂದು, ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡರು.

“ನೀನು ಒತ್ತಿದ್ದಿದ್ರೆ ಇವತ್ತೇ ನೆರವು ನಿಲ್ಲಿಸಿ ಫೈಲು ಮುಚ್ತಿದ್ದೆ,” ಎಂದರು. “ಹೇಳಪ್ಪಾ, ಇನ್ನೆಷ್ಟು ತಿಂಗಳು ಬೇಕು?”