ಮಂಗಳವಾರದ ಹೊಂಗೆ

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಖಾಸಗಿ ಕಾಡಿನ ಲಾರಿ ರಾಯಚೂರಿನ ಆ ಓಣಿಗೆ ಹೊಂಗೆ ಮರವನ್ನು ಬೇರು ಸಮೇತ ತಂದು ನಿಲ್ಲಿಸಿತು. ದಿನಕ್ಕೊಂದು ಓಣಿಗೆ ನೆರಳು ಕೊಟ್ಟು, ಸಂಜೆ ಕಾಡಿಗೆ ಮರಳುವುದು ಅಲ್ಲಿನ ಮರಗಳ ಪಾಳಿ. ಹೆಂಗಸರು ಜೋಳದ ಮೊರ ಹಿಡಿದು ಆಗಲೇ ಅದರ ಕೆಳಗೆ ಕೂತಿದ್ದರು.

ಕಾಡಿನ ಏಜೆಂಟ್ ಮೌನೇಶ ಮರ ಬಿಟ್ಟುಕೊಡುವ ಕಾಗದ ಹಿಡಿದು ನೀಲಗಂಗಾಳ ಅಂಗಳಕ್ಕೆ ಬಂದ. ಓಣಿಯಲ್ಲಿ ಸ್ವಂತ ಮರ ಉಳಿದಿದ್ದುದು ಅವಳೊಬ್ಬಳ ಮನೆಯಲ್ಲೇ. ಅವಳ ತಾಯಿ ನೆಟ್ಟ ಬೇವು.

"ಸಹಿ ಮಾಡ್ರಿ ಅಕ್ಕಾರ. ಕಾಡಿನ್ಯಾಗ ಚಲೋ ಆರೈಕಿ ಸಿಗತೈತಿ. ವಾರಕ್ಕೊಮ್ಮೆ ಇದ ಬೇವು ನಿಮ್ಮ ಮನಿ ಮುಂದ ಬಂದು ನಿಲ್ತೈತಿ."

"ಕೊಟ್ಟುಬಿಡವಾ," ಎಂದಳು ಪಕ್ಕದ ಮನೆಯ ಶಾಂತವೀರಮ್ಮ. "ಆ ಕಾಡು ಬಂದಮ್ಯಾಲೆ ನನ್ನ ಸೊಸಿಗೆ ಕೆಲಸ ಸಿಕ್ತು, ಬಾವ್ಯಾಗ ನೀರು ಬಂತು. ನಿನಗ ದೇವರ ಮ್ಯಾಲೂ ಅನುಮಾನ."

ನೀಲಗಂಗಾ ಹೊಂಗೆಯ ಬಳಿ ಹೋದಳು. ಹೋದ ಮಂಗಳವಾರ ಬಂದ ಹೊಂಗೆಗೆ ಹರಕೆಯ ನೆಪದಲ್ಲಿ ಅರಿಶಿನದ ದಾರ ಕಟ್ಟಿದ್ದಳು. ದಾರ ಇತ್ತು. ಮೂರು ಸುತ್ತೂ ಸರಿಯಾಗಿದ್ದವು.

"ನೋಡ್ರಿ, ಅದ ಮರ," ಎಂದ ಮೌನೇಶ. "ನಿಮ್ಮ ದಾರಾನೂ ಕಾಯ್ದೀವಿ."

ಅವಳು ಗಂಟನ್ನು ಮುಟ್ಟಿ ನೋಡಿದಳು. ಎಡಗೈಯಲ್ಲಿ ಕಟ್ಟುವ ಅವಳ ಗಂಟು ಯಾವಾಗಲೂ ಎಡಕ್ಕೆ ವಾಲುತ್ತಿತ್ತು. ಅದಕ್ಕಾಗಿ ತಾಯಿಯಿಂದ ಎಷ್ಟು ಬೈಸಿಕೊಂಡಿದ್ದಳೋ. ಇದು ಬಲಕ್ಕೆ ವಾಲಿತ್ತು. ಯಾರೋ ದಾರ ಬಿಚ್ಚಿ ಬೇರೆ ಮರಕ್ಕೆ ಕಟ್ಟಿದ್ದರು. ಹೋದ ವಾರದ ಹೊಂಗೆ ಏನಾಯಿತೋ.

ಕಾಗದವನ್ನು ಮಡಿಸಿ ಅವನ ಕೈಗೇ ಕೊಟ್ಟಳು.

"ನಮ್ಮ ಬೇವು ಇಲ್ಲೇ ಇರಲಪ್ಪಾ. ನಮಗ ಬುಧವಾರನೂ ಬಿಸಲಿರತೈತಿ."