ಕೈಯೊಳಗಿನ ಕಾಳು

"ತೆಗೆದುಬಿಡಿ ನರ್ಸಮ್ಮ" ಎಂದು ಮಾತಿನಮಲ್ಲಿ ಬಲಗೈಯನ್ನು ಮೇಜಿನ ಮೇಲೆ ಚಾಚಿಟ್ಟಳು.

ಲಾಂಡ್ರಿಯ ಚಿಕಿತ್ಸೆ ಕೋಣೆ. ಗೋಡೆಯಾಚೆ ಯಂತ್ರಗಳು ಆಸ್ಪತ್ರೆಗಳ ಹಾಸುಬಟ್ಟೆಯನ್ನು ಹಿಂಡುತ್ತ ಗುಡುಗುತ್ತಿದ್ದವು. ಅವಳ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮೆತ್ತನೆಯ ಜಾಗದಲ್ಲಿ, ಚರ್ಮದಡಿ, ಅಕ್ಕಿಕಾಳಿನಷ್ಟು ದಪ್ಪದ ಚಿಪ್ ಇತ್ತು. ಕೆಲಸದವರ ಬಾಯಲ್ಲಿ ಅದು ಕಾಳು. ಗೇಟು ತೆರೆಯುವುದು ಅದು, ಹಾಜರಿ ಹಾಕುವುದು ಅದು, ಯಾರು ಪಾಯಿಖಾನೆಯಲ್ಲಿ ಎಷ್ಟು ಹೊತ್ತು ಕೂತರೆಂದು ಮೇಲ್ವಿಚಾರಕನಿಗೆ ಚಾಡಿ ಹೇಳುವುದೂ ಅದೇ. ಮನೆಯವರಿಗೂ ನೆಮ್ಮದಿ ಇರಲಿ ಎಂದು ಕಾಳು ಎಲ್ಲೆಲ್ಲಿ ಹೋಗುತ್ತಿದೆ ಎಂಬುದು ಅವರ ಫೋನಿನಲ್ಲಿ ಹಸಿರು ಚುಕ್ಕಿಯಾಗಿ ಕಾಣುವ ಹಾಗೆ ಮಾಡಿಕೊಟ್ಟಿದ್ದರು.

ನರ್ಸಮ್ಮ ಕನ್ನಡಕ ಏರಿಸಿಕೊಂಡಳು. "ಯಾಕೆ, ನಿನ್ ಗಂಡ ಅನುಮಾನ ಪಡ್ತಾನಾ?"

"ಬಿಡ್ತು ಅನ್ನಿ. ದೇವರಂಥ ಮನುಷ್ಯ."

"ಮತ್ತೆ? ಎಲ್ಲಿಗೆ ಹೋಗಿದ್ದೆ, ಯಾಕೆ ನಿಂತಿದ್ದೆ ಅಂತ ಪ್ರಾಣ ತಿಂತಾನಾ? ಇಲ್ಲಿಗೆ ಬರೋರೆಲ್ಲ ಅದನ್ನೇ ಹೇಳ್ಕೊಂಡು ಅಳೋದು."

"ಕೇಳೋದೇ ಇಲ್ಲ ನರ್ಸಮ್ಮ. ಅದಕ್ಕೇ ಬಂದೆ."

ನರ್ಸಮ್ಮ ಹತ್ತಿಯನ್ನು ಕೈಯಲ್ಲೇ ಹಿಡಿದುಕೊಂಡು ಅವಳ ಮುಖ ನೋಡಿದಳು. ಮಾತಿನಮಲ್ಲಿ ತಲೆ ತಗ್ಗಿಸಿ ಹೇಳತೊಡಗಿದಳು. ಗಂಡ ಟೈಲರ್, ಮನೆಯಲ್ಲೇ ಕೂತು ಹೊಲಿಯುವವನು. ಮೊದಲೆಲ್ಲ ಅವಳು ಚಪ್ಪಲಿ ಬಿಡುವ ಮುಂಚೆಯೇ "ಯಾಕೇ ತಡ?" ಎನ್ನುತ್ತಿದ್ದ. ಅಷ್ಟು ಸಾಕಾಗಿತ್ತು, ಅವಳ ಇಡೀ ದಿನ ಬಾಯಿಂದ ಉದುರಲು. ಈಗ ಚುಕ್ಕಿ ಸೇತುವೆ ದಾಟಿತೆಂದರೆ ಟೀಗೆ ನೀರಿಡುತ್ತಾನೆ. ಅವಳು ಒಳಗೆ ಬರುವುದಕ್ಕೂ ಲೋಟ ಮುಂದೆ ಬರುವುದಕ್ಕೂ ಸರಿಹೋಗುತ್ತದೆ. ಬೀದಿಯ ಹೆಂಗಸರೆಲ್ಲ ಪುಣ್ಯವಂತೆ ಎನ್ನುತ್ತಾರೆ.

"ಮೊನ್ನೆ ಬಸ್ಸು ದಾರಿ ಮಧ್ಯೆ ನಿಂತುಬಿಡ್ತು. ಯಾಕೆ ಹೇಳಿ? ಡ್ರೈವರ್ ಸೀಟಿನ ಕೆಳಗೆ ಬೆಕ್ಕು ಮರಿ ಹಾಕ್ತಾ ಇತ್ತು. ಬಾಣಂತೀನ ಕುಲುಕಿಸ್ಕೊಂಡು ಹೋಗೋಕೆ ನನ್ನ ಕೈಲಾಗಲ್ಲ ಅಂತ ಆ ಪುಣ್ಯಾತ್ಮ ಕೆಳಗಿಳಿದು ನಿಂತ. ಕೋಟು ಹಾಕಿದ್ದ ದೊಡ್ಡ ಮನುಷ್ಯ ಒಬ್ಬ ಬೈಯೋಕೆ ಅಂತ ಬಗ್ಗಿ ನೋಡಿದೋನು ತನ್ನ ಕರ್ಚೀಫು ತೆಗೆದು ಹಾಸಿದ. ನಗು ತಡ್ಕೊಂಡು ಮನೆಗೆ ಓಡಿಬಂದೆ, ಇವರಿಗೆ ಹೇಳೋಣ ಅಂತ. 'ಬಸ್ಸು ಕೆಟ್ಟಿತ್ತಲ್ವಾ, ನೋಡ್ದೆ. ಟೀ ಆರುತ್ತೆ, ಕುಡಿ' ಅಂದ್ರು. ಮುಗೀತು."

ನರ್ಸಮ್ಮ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ತೆಗೆದ್ರೆ ನಾಳೆಯಿಂದ ಇಸ್ತ್ರಿ ಕೋಣೆ ಬಾಗಿಲು ನಿನಗೆ ತೆರೆಯಲ್ಲ. ಹೊರಗೆ ಒದ್ದೆ ಮೂಟೆ ಹೊರೋಕೆ ಹಾಕ್ತಾರೆ. ಹಾಕಿಸ್ಕೊಳ್ಳೋ ಮುಂಚೆ ಯೋಚನೆ ಮಾಡಬೇಕಿತ್ತು ಕಣೇ."

"ಯೋಚನೆ ಮಾಡೋಕೆ ಯಾರು ಬಿಟ್ರು? ಸಾಲಲ್ಲಿ ನಿಲ್ಲಿಸಿದ್ರಿ. ಮುಂದಿನವಳು ಕೈ ಕೊಟ್ಟಳು, ನಾನೂ ಕೊಟ್ಟೆ. ಚುಚ್ಚಿದ್ದು ನೀವೇ."

ನರ್ಸಮ್ಮ ಕಾಳು ಹಾಕಲು ಬಟ್ಟಲೊಂದನ್ನು ಹತ್ತಿರಕ್ಕೆ ಎಳೆದುಕೊಂಡಳು. ಕತ್ತರಿಸುವಾಗ ಅವಳ ಕೈ ಬಹಳ ಮೃದುವಾಗಿತ್ತು.

ಸಂಜೆ ಬಸ್ಸು ಇಳಿದವಳು ನೇರ ಮನೆಗೆ ಹೋಗಲಿಲ್ಲ. ಎಂದೂ ಹೋಗದ ಓಣಿಯೊಂದಕ್ಕೆ ತಿರುಗಿದಳು. ಯಾರದೋ ಕಿಟಕಿಯಲ್ಲಿ ಒಣಗಲು ಇಟ್ಟಿದ್ದ ಪುಟ್ಟ ಬೂಟುಗಳನ್ನು ನೋಡುತ್ತ ನಿಂತಳು. ಕುರ್ಚಿ ಹೆಣೆಯುವ ಮುದುಕನೊಬ್ಬ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದ, ಅದನ್ನೂ ಕೇಳಿದಳು. ದೇವರೊಬ್ಬನನ್ನು ಬಿಟ್ಟರೆ ತಾನೀಗ ಎಲ್ಲಿದ್ದೇನೆಂದು ಲೋಕದಲ್ಲಿ ಯಾರಿಗೂ ಗೊತ್ತಿಲ್ಲ ಎನಿಸಿ, ಬೆಳಗಿನ ತಣ್ಣೀರು ಮೈಮೇಲೆ ಬಿದ್ದಂತಾಯಿತು. ಇವತ್ತು ಗಂಡ ಕೇಳಲೇಬೇಕು. ಯಾವುದನ್ನು ಮೊದಲು ಹೇಳುವುದೆಂದು ಒಂದೊಂದನ್ನೇ ಜೋಡಿಸಿಕೊಳ್ಳುತ್ತ ಮನೆಗೆ ನಡೆದಳು.

ಬಾಗಿಲು ಓರೆಯಾಗಿತ್ತು. ಒಳಗೆ ಮಾತು ಕೇಳಿಸಿತು. ಯಾರೋ ಬಂದಿದ್ದಾರೆಂದುಕೊಂಡು ಇಣುಕಿದಳು. ಯಾರೂ ಇರಲಿಲ್ಲ. ಗಂಡ ಬಾಗಿಲಿಗೆ ಬೆನ್ನು ಮಾಡಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ದಾರದ ಉಂಡೆಗೆ ಒರಗಿಸಿದ ಫೋನಿನಲ್ಲಿ ಹಸಿರು ಚುಕ್ಕಿ ಇನ್ನೂ ಲಾಂಡ್ರಿಯಲ್ಲೇ, ನರ್ಸಮ್ಮನ ಬಟ್ಟಲಿನಲ್ಲೇ, ಮಿಣುಕುತ್ತಿತ್ತು.

"ಯಾಕೇ ಇನ್ನೂ ಹೊರಟಿಲ್ಲ?" ಅವನು ಚುಕ್ಕಿಯನ್ನು ಕೇಳುತ್ತಿದ್ದ. "ಇವತ್ತೂ ಎರಡು ಪಾಳಿ ಹೇರಿದ್ರಾ? ಕಾಲು ಊದಿರಬೇಕು. ಊಟ ಮಾಡಿದ್ಯೋ, ಡಬ್ಬಿ ಯಾರಿಗಾದ್ರೂ ಕೊಟ್ಟುಬಿಟ್ಟೆಯೋ? ಆ ಪಕ್ಕದ ಮೇಜಿನ ಜಗಳಗಂಟಿ ಏನಾದ್ರೂ ಅಂದಳಾ?" ಉಗುರಿನ ತುದಿಯಿಂದ ಚುಕ್ಕಿಯನ್ನು ಮೆಲ್ಲಗೆ ಸವರಿದ. "ದಾರಿಯುದ್ದಕ್ಕೂ ನಿನ್ನ ಜೊತೇನೇ ಬರ್ತೀನಿ ನೋಡು. ಮನೆಗೆ ಬಂದ ಮೇಲೆ ಮಾತ್ರ ಮೂಗಿ ಥರ ಟೀ ಕುಡಿದು ಎದ್ದುಹೋಗ್ತೀಯ. ನಿನ್ನ ಮಾತು ಕೇಳಿ ಎಷ್ಟು ಕಾಲ ಆಯ್ತೇ."

ಅವಳು ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು, ಬಾಯಿಗೆ ಬಂದದ್ದನ್ನೆಲ್ಲ ನುಂಗಿ, ಉಸಿರು ಬಿಗಿಹಿಡಿದು ನಿಂತಳು. ಈಗಲೇ ತಿರುಗದಿರಲಿ ದೇವರೇ, ಇನ್ನೊಂದೇ ಒಂದು ಕೇಳಲಿ.