ವಸಂತ ಕಾಕಾನ ರೋಮನ್ ನಾಣ್ಯಗಳು

ಬೂಟ್ ಪಾಲಿಶ್ ಡಬ್ಬಿಯ ಮುಚ್ಚಳ ತೆರೆದರೆ ಇಂದಿಗೂ ನನಗೆ ತಾರ್ನಾಕದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪನ ಗೆಳೆಯ ವಸಂತ ಕಾಕಾ ತೀರಿಕೊಂಡು ತಿಂಗಳಾಗಿತ್ತು. ಅವರ ಹೆಂಡತಿ ಸುಮತಿ ಕಾಕು, ಕಾಕಾ ಕೂಡಿಟ್ಟಿದ್ದ ರೋಮನ್ ಬೆಳ್ಳಿ ನಾಣ್ಯಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದರು. ಹಳೆಯ ನಾಣ್ಯಗಳ ಹುಚ್ಚಿದ್ದ ಅಪ್ಪ ಅವನ್ನು ಮಾರಿಸಿಕೊಟ್ಟರೆ ಕಾಕುವಿನ ಮಗಳ ಕಾಲೇಜು ನಿಲ್ಲುತ್ತಿರಲಿಲ್ಲ.

ಅಪ್ಪ ಎರಡು ನಾಣ್ಯಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಎರಡರಲ್ಲೂ ರಾಜನ ಕೆನ್ನೆಯ ಮೇಲೆ ಒಂದೇ ಜಾಗದಲ್ಲಿ, ಒಂದೇ ಆಕಾರದ ತಗ್ಗಿತ್ತು. ಆಮೇಲೆ ಮೂಸಿ ನೋಡಿದ.

"ವೈನಿ, ಆಗಿನ ಕಾಲದಾಗ ಒಂದೊಂದ ನಾಣ್ಯ ಬಡದು ಮಾಡ್ತಿದ್ರು. ಎರಡು ಹಿಂಗ ಒಂದ ನಮೂನಿ ಇರೂದಿಲ್ಲ. ಇವನ್ನ ಅಚ್ಚಿನಾಗ ಎರಕ ಹೊಯ್ದಾರ. ಹಳೇವು ಕಾಣಲಿ ಅಂತ ಬೂಟ್ ಪಾಲಿಶ್ ತಿಕ್ಯಾರ."

"ಯಾರೋ ಅವರಿಗೆ ಮೋಸ ಮಾಡ್ಯಾರೇನ್ರಿ, ಅಣ್ಣಾರ?"

ಅಪ್ಪ ನಾಣ್ಯಗಳನ್ನು ಕರವಸ್ತ್ರದ ಮೇಲೆ ಇಟ್ಟ. ಕಾಕು ಒಂದು ನಾಣ್ಯವನ್ನು ಮೂಗಿನ ಹತ್ತಿರ ಹಿಡಿದರು.

"ಇದು ಅವರ ಕೈ ವಾಸನಿ," ಎಂದರು. "ಜೀವನಪೂರ್ತಿ ಚಪ್ಪಲಿ ಹಾಕ್ಕೊಂಡ ತಿರಗಿದ್ರು. ಕೈಗೆ ಪಾಲಿಶ್ ಯಾಕ ಅಂತ ನಾ ಒಂದಿನಾನೂ ಕೇಳಲಿಲ್ಲ."

ನಾಣ್ಯಗಳನ್ನು ಮತ್ತೆ ಗಂಟು ಕಟ್ಟಿಕೊಂಡು, ಅಮ್ಮ ತಂದಿಟ್ಟ ಚಹಾ ಮುಟ್ಟದೆ ಹೊರಟುಹೋದರು.

ಕಾಕಾ ವರ್ಷಗಳಿಂದ ಅಪ್ಪನಿಗೂ ನಾಣ್ಯಗಳನ್ನು ತಂದುಕೊಡುತ್ತಿದ್ದರು. ಸಂಜೆ ಅಪ್ಪ ಕಪಾಟಿನಿಂದ ಅವನ್ನಿಟ್ಟಿದ್ದ ಪೆಟ್ಟಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತ.

"ತಗದ ನೋಡ್ರಿ," ಎಂದಳು ಅಮ್ಮ.

"ಬ್ಯಾಡ. ನನಗ ಇದ್ದಾಂವ ಅಂವ ಒಬ್ಬನ ಗೆಳೆಯ," ಎಂದ ಅಪ್ಪ, ಪೆಟ್ಟಿಗೆಯನ್ನು ತೆರೆಯದೆಯೇ ಒಳಗಿಟ್ಟು ಬೀಗ ಹಾಕಿದ.